ಸವಕಳಿ

ಏಪ್ರಿಲ್‌ನ ಮೂರನೇ ಮಂಗಳವಾರ. ಸಂಜೆ ಆರಕ್ಕೆ
ಅಗ್ನಿಶಾಮಕದವರ ಹಾಲಿನಲ್ಲಿ ಮೂರು ಮೇಜು, ಒಂದು ಹೀಟರು.
ನ್ಯೂಫೌಂಡ್‌ಲ್ಯಾಂಡಿನ ಈ ಕೊಲ್ಲಿಯಲ್ಲಿ
ಮಂಜುಗಡ್ಡೆ ಇನ್ನೂ ಹೊರಟಿಲ್ಲ.
ನಾನು ಮೀನಿನ ಕಾರ್ಖಾನೆಗೆ ಲೆಕ್ಕ ಬರೆದವಳು, ಮೂವತ್ತೊಂದು ವರ್ಷ;
ಕಾರ್ಖಾನೆ ಮುಚ್ಚಿತು, ಲೆಕ್ಕ ಮುಚ್ಚಲಿಲ್ಲ.
ಈಗ ಊರಿನ ತೆರಿಗೆಯೆಲ್ಲ ನನ್ನ ಪಾಲಿಗೆ, ಬಿಟ್ಟಿ.

ಬರುವವರು ಬರಿಗೈಲಿ ಬರುವುದಿಲ್ಲ.
ಬಿಸ್ಕತ್ತಿನ ಡಬ್ಬಿ, ಬೂಟಿನ ಪೆಟ್ಟಿಗೆ;
ಒಮ್ಮೆ ಒಬ್ಬ ದಿಂಬಿನ ಚೀಲದ ತುಂಬ ರಸೀದಿ ತಂದ,
ಉಪ್ಪುನೀರಿಗೆ ಶಾಯಿ ಹಾರಿ ಬೋಳಾದ ಚೀಟಿಗಳು.
ಬೆಳಕಿಗೆ ಹಿಡಿದು ಓದುತ್ತೇನೆ:
ಡೀಸೆಲ್ಲೋ, ಹಗ್ಗವೋ, ಯಾರದೋ ಹುಟ್ಟುಹಬ್ಬದ ಕೇಕೋ.
ಹಗ್ಗವಾದರೆ ಒಳಗೆ, ಕೇಕಾದರೆ ಹೊರಗೆ.
ಏಡಿ ಸಾಗಿಸಿದ ಕಿಲೋಮೀಟರು ಬೇರೆ,
ತಂಗಿಯ ಮನೆಗೆ ಹೋದ ಕಿಲೋಮೀಟರು ಬೇರೆ;
ಒಂದೇ ಟ್ರಕ್ಕು, ಒಂದೇ ದಾರಿ,
ಯಾಕೆ ಹೊರಟೆ ಎಂಬುದಕ್ಕೆ ಸುಂಕ.

ಎಲ್ಡನ್ ರೈಡೌಟ್ ಟೋಪಿ ತೆಗೆಯದೆ ಕೂತ.
ಮುಂದಿಟ್ಟದ್ದು ಒಂದೇ ಕಾಗದ, ನಾಲ್ಕು ಮಡಿಕೆ:
ತೊಂಬತ್ತೆಂಟರಲ್ಲಿ ದೋಣಿ ಕೊಂಡ ಕರಾರು.
ಮೂವತ್ತೆಂಟು ಸಾವಿರ ಡಾಲರು.
"ಇನ್ನೆಷ್ಟು ಉಳಿದಿದೆ ಅವಳದ್ದು?" ಅಂದ.
ದೋಣಿಗೆ ಅವಳು ಅನ್ನುತ್ತಾರೆ ನಮ್ಮಲ್ಲಿ.

ಸವಕಳಿಯ ಕ್ರಮ ತೋರಿಸಿದೆ.
ಮೊದಲ ವರ್ಷ ಅರ್ಧವೇ; ಆಮೇಲೆ
ಉಳಿದದ್ದರಲ್ಲಿ ನೂರಕ್ಕೆ ಹದಿನೈದು,
ಅದರಲ್ಲಿ ಉಳಿದದ್ದರಲ್ಲಿ ಮತ್ತೆ ಹದಿನೈದು.
ಕಳೆದದ್ದೆಲ್ಲ ಕಳಕೊಂಡದ್ದಲ್ಲ, ಎಲ್ಡನ್,
ತೆರಿಗೆಯಲ್ಲಿ ಅದು ನಿನಗೇ ಉಳಿತಾಯ.
ಇಪ್ಪತ್ತಾರು ಸಲ ಕಳೆದೆವು, ಪೆನ್ಸಿಲ್ಲಿನಲ್ಲಿ.
ಆರುನೂರ ನಾಲ್ಕು ಡಾಲರು, ಐವತ್ತೊಂದು ಸೆಂಟು.

ಅಂಕಿಯನ್ನೇ ನೋಡಿದ, ಬಹಳ ಹೊತ್ತು.
"ಹೋದ ಅಕ್ಟೋಬರಿನ ಗಾಳಿಯಲ್ಲಿ
ಚುಕ್ಕಾಣಿ ನನ್ನ ಕೈಲಿರಲಿಲ್ಲ. ಅವಳೇ ತಂದಳು ದಡಕ್ಕೆ.
ಆರುನೂರ ನಾಲ್ಕಾ?"
"ಕಾಗದದಲ್ಲಿ," ಅಂದೆ.
"ಹಾಗಾದರೆ ಸೊನ್ನೆ ಯಾವಾಗ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
"ಎಂದಿಗೂ ಇಲ್ಲ. ಉಳಿದದ್ದರಲ್ಲೇ ಕಳೆಯುತ್ತ ಹೋದರೆ
ಏನೋ ಒಂದು ಉಳಿದೇ ಉಳಿಯುತ್ತದೆ.
ನೀನು ಹೋದಮೇಲೂ, ನಾನು ಹೋದಮೇಲೂ,
ಸೆಂಟಿನ ಚೂರೊಂದು
ಕಟ್ಟೆಯ ಕಂಬಕ್ಕೆ ಹಗ್ಗ ಬಿಗಿದು ನಿಂತಿರುತ್ತದೆ."

ನಕ್ಕ. ಟೋಪಿ ತೆಗೆದ.

ಅವನ ಹಿಂದೆ ವೆರಾ ಸ್ಟಕ್‌ಲೆಸ್,
ಶಾಲೆಮಕ್ಕಳ ತಿಂಡಿಸಂಘದ ಖಜಾಂಚಿ.
ಅವಳ ಪುಸ್ತಕ ಅಚ್ಚುಕಟ್ಟು: ಬಂದದ್ದು ನೀಲಿ, ಹೋದದ್ದು ಕೆಂಪು,
ಪುಟದ ಬುಡದಲ್ಲಿ ಎರಡು ಗೆರೆಯ ಮೇಲೆ ಶಿಲ್ಕು.
ಒಂದೇ ಒಂದು ಸಾಲು ಹೆಚ್ಚಿಗೆ, ಸಣ್ಣಕ್ಷರದಲ್ಲಿ:
ವೆರಾ, ಬೆಳಗಿನ ನಾಲ್ಕೂವರೆಯಿಂದ, ನೂರ ಎಂಬತ್ತು ದಿನ.
ಮೊತ್ತದ ಜಾಗ ಖಾಲಿ.
"ಇದಕ್ಕೆ ದಾನದ ರಸೀದಿ ಬರೆಯಬಹುದಾ?"

ಹಿಟ್ಟಿಗೆ ಬರೆಯಬಹುದು, ಬೆಣ್ಣೆಗೆ, ಮೊಟ್ಟೆಗೆ ಬರೆಯಬಹುದು.
ಕಲಸಿದ ಕೈಗೆ ಬರುವುದಿಲ್ಲ.
ಹೊತ್ತು ಸ್ವತ್ತಲ್ಲ, ವೆರಾ. ಕಾನೂನು ಹಾಗನ್ನುತ್ತದೆ.
ಹೇಳುವಾಗ ನನ್ನ ದನಿ ನನಗೇ ಒಗ್ಗಲಿಲ್ಲ.
ನನ್ನ ಮಂಗಳವಾರಗಳೂ ಹೀಗೇ ತಾನೆ,
ಯಾವ ಕಾಲಮ್ಮಿಗೂ ಇಳಿಯದೆ
ಹೀಟರಿನ ಪಕ್ಕ ಒಣಗುತ್ತಿವೆ, ಒದ್ದೆ ಕೈಗವಸಿನ ಹಾಗೆ.

"ಅಳಿಸಿಬಿಡಲಾ?" ರಬ್ಬರು ಆಗಲೇ ಬೆರಳಲ್ಲಿ.
ಬೇಡ, ಇರಲಿ.
ಖಾಲಿ ಜಾಗವನ್ನು ಕೂಡಿದರೂ ಕಳೆದರೂ
ಶಿಲ್ಕು ಕದಲುವುದಿಲ್ಲ.
ಲೆಕ್ಕ ಪರಿಶೋಧಕ ಕೇಳಿದರೆ ನನ್ನ ಹತ್ತಿರ ಕಳಿಸು.

ಒಂಬತ್ತಕ್ಕೆ ದೀಪ ಆರಿಸಿ ಬಾಗಿಲೆಳೆಯುವಾಗ
ಮೆಟ್ಟಿಲ ಮೇಲೆ, ಹಳೆ ಪತ್ರಿಕೆಯಲ್ಲಿ ಸುತ್ತಿದ
ಕಾಡ್ ಮೀನು, ಎರಡು. ಹೆಸರಿಲ್ಲ.
ಆದಾಯ ಅನ್ನಬೇಕೋ, ಉಡುಗೊರೆ ಅನ್ನಬೇಕೋ.
ನಿಯಮದ ಪುಸ್ತಕ ಮನೆಯಲ್ಲಿದೆ.
ಬಾಣಲೆಯೂ ಅಲ್ಲೇ ಇದೆ.